ಒಂದೇ ನಾಮದಲ್ಲಿ: ಪರಮ ತ್ರಿತ್ವದ ಹಬ್ಬಕ್ಕೆ ಮೈಸೂರಿನಿಂದ ಬಂಟ್ವಾಳದವರೆಗೆ

ಈ ಪ್ರಯಾಣಕ್ಕೆ ಕಾರಣ ಮಗಳ ಒಂದು ಪ್ರಶ್ನೆ. ಎಂಟನೆಯ ತರಗತಿಯಲ್ಲಿರುವ ಅವಳು ದೃಢೀಕರಣ ಸಂಸ್ಕಾರಕ್ಕೆ, ಅಂದರೆ ಜ್ಞಾನಸ್ನಾನದಲ್ಲಿ ಪಡೆದ ವಿಶ್ವಾಸವನ್ನು ಗಟ್ಟಿಗೊಳಿಸುವ ವಿಧಿಗೆ, ಸಿದ್ಧಳಾಗುತ್ತಿದ್ದಾಳೆ. ಒಂದು ಸಂಜೆ ತ್ರಿತ್ವದ, ಅಂದರೆ ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ನಂಬಿಕೆಯ, ಪಾಠ ಹೇಳಿಕೊಡುತ್ತ, ನೀರು, ಮಂಜುಗಡ್ಡೆ, ಹಬೆ ಇವು ಮೂರೂ ಒಂದೇ ವಸ್ತುವಿನ ಮೂರು ರೂಪಗಳು, ದೇವರೂ ಹಾಗೆಯೇ ಎಂದು ನಾನು ಅವಳಿಗೆ ಹೇಳಿದೆ. ನಮ್ಮ ಧರ್ಮಕೇಂದ್ರದ ಭಾನುವಾರದ ತರಗತಿಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು ಅದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಗೆತ್ಸೆಮನಿ ತೋಟದಲ್ಲಿ ಯೇಸು ಪ್ರಾರ್ಥನೆ ಮಾಡಿದ್ದು ಯಾರಿಗೆ ಅಪ್ಪಾ? ನೀರು ಹಬೆ ಹತ್ರ ಮಾತಾಡುತ್ತಾ?" ಎಂದಳು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪಿತನನ್ನು ಕರೆದು ಪ್ರಾರ್ಥಿಸಿದ ತೋಟ ಅದು. ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿ ನೋಡಿದಾಗ, ಒಬ್ಬನೇ ದೇವರು ಒಂದೊಂದು ಸಲ ಒಂದೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತಾನೆಂಬ ಈ ವಿವರಣೆ ಮೂರನೆಯ ಶತಮಾನದ ಸಬೆಲಿಯಸ್‌ನ ಹೆಸರಿನೊಡನೆ ಸೇರಿಕೊಂಡಿರುವ ತಪ್ಪೆಂದೂ, ಧರ್ಮಸಭೆ, ಅಂದರೆ ಚರ್ಚು, ಅದನ್ನು ಆಗಲೇ ತಳ್ಳಿಹಾಕಿತ್ತೆಂದೂ ತಿಳಿಯಿತು. ಎಷ್ಟು ಮಕ್ಕಳಿಗೆ ನಾನು ಅದನ್ನೇ ಕಲಿಸಿದ್ದೆನೆಂದು ನೆನೆದು ಮನಸ್ಸಿಗೆ ನೋವಾಯಿತು. 2025ರ ತ್ರಿತ್ವದ ಹಬ್ಬ ಜೂನ್ 15ರ ಭಾನುವಾರ ಬರುತ್ತಿತ್ತು. ಬಂಟ್ವಾಳದ ಕಡೆಯ ಒಂದು ಹಳ್ಳಿಯಲ್ಲಿರುವ ಗೆಳೆಯ ಬಹುಕಾಲದಿಂದ ಕರೆಯುತ್ತಿದ್ದ. ಶುಕ್ರವಾರ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬವೂ ಇತ್ತು. ಹೆಂಡತಿ, ಮಗಳು, ನಾನು ಕಾರು ಹತ್ತಿದೆವು.

ಮೊದಲನೆಯ ದಿನ: ಮೈಸೂರು

ಬೆಂಗಳೂರು ಬಿಟ್ಟದ್ದೇ ತಡವಾದ್ದರಿಂದ ಮೈಸೂರಿನಲ್ಲಿ ಸಂತ ಫಿಲೋಮಿನಾ ದೇವಾಲಯದ ಸಂಜೆಯ ಬಲಿಪೂಜೆಯೊಂದೇ ನಮಗೆ ದಕ್ಕಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ದೇವಾಲಯದ 175 ಅಡಿಯ ಜೋಡಿ ಗೋಪುರಗಳನ್ನು ಜನ ತಲೆಯೆತ್ತಿ ನೋಡುತ್ತಾರೆ. ನಾನು ಅಂದು ಬಾಗಿಲ ಬಳಿ ನಿಂತು ಒಳಬರುವವರ ಕೈಗಳನ್ನು ನೋಡಿದೆ. ತೀರ್ಥಬಟ್ಟಲಿಗೆ ಬೆರಳದ್ದಿ ಒಬ್ಬ ಆಟೋ ಚಾಲಕ ಅವಸರದಲ್ಲಿ ಹಣೆ, ಎದೆ, ಭುಜಗಳನ್ನು ಮುಟ್ಟಿ ಕೊನೆಗೆ ಬೆರಳಿಗೆ ಮುತ್ತಿಟ್ಟು ಒಳಗೆ ಹೋದ. ಅವನ ಹಿಂದೆ ಬಂದ ವೃದ್ಧೆಯೊಬ್ಬರು ಅದೇ ಗುರುತನ್ನು ಎಷ್ಟು ನಿಧಾನವಾಗಿ ಹಾಕಿಕೊಂಡರೆಂದರೆ, ಹಣೆಯಿಂದ ಎದೆಗೆ ಕೈ ಇಳಿಯುವಷ್ಟರಲ್ಲಿ ಇನ್ನಿಬ್ಬರು ಅವರನ್ನು ದಾಟಿ ಹೋದರು.

ಪೂಜೆಯಲ್ಲಿ ಮೂವರ ಹೆಸರೂ ಒಟ್ಟಿಗೆ ಎಷ್ಟು ಸಲ ಬರುತ್ತದೆಂದು ಬೆರಳ ಗೆಣ್ಣುಗಳಲ್ಲಿ ಎಣಿಸುವಂತೆ ಮಗಳಿಗೆ ಹೇಳಿದ್ದೆ. ಆರಂಭದ ಶಿಲುಬೆಯ ಗುರುತು, ಕ್ರಿಸ್ತರ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮರ ಅನ್ಯೋನ್ಯತೆಯನ್ನು ಹಾರೈಸುವ ಗುರುಗಳ ವಂದನೆ, ಮೊದಲ ಪ್ರಾರ್ಥನೆಯ ಮುಕ್ತಾಯ, ರೊಟ್ಟಿ ಮತ್ತು ಪಾನಪಾತ್ರೆಯನ್ನು ಮೇಲೆತ್ತಿ ಹಾಡುವ ಸ್ತುತಿ, ಕೊನೆಯ ಆಶೀರ್ವಾದ ಹೀಗೆ ಐದು ಗೆಣ್ಣುಗಳಾದವು. "ಭಾನುವಾರ ಇನ್ನೂ ಜಾಸ್ತಿ ಆಗುತ್ತೆ, ನೋಡುತ್ತಿರು" ಎಂದೆ. ನಾನು ಇಷ್ಟು ವರ್ಷ ಪೂಜೆಗೆ ಹೋಗಿಯೂ ಒಂದು ಸಲವೂ ಎಣಿಸಿರಲಿಲ್ಲ.

ಎರಡನೆಯ ದಿನ: ದೋರನಹಳ್ಳಿ

ಹಬ್ಬದ ದಿನ ದೋರನಹಳ್ಳಿಗೆ ಹೋಗುವವರು ಬೆಳಗ್ಗೆ ಆರಕ್ಕೆ ಮೊದಲೇ ಮೈಸೂರು ಬಿಡುವುದು ಒಳ್ಳೆಯದು. ನಾವು ಏಳಕ್ಕೆ ಹೊರಟು, ಊರಿಗೆ ಬಹಳ ಮೊದಲೇ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಕಾರನ್ನು ಒಬ್ಬ ರೈತರ ಕಣದಲ್ಲಿ ಬಿಟ್ಟು ನಡೆದೆವು. ಆ ನಡಿಗೆ ವ್ಯರ್ಥವಾಗಲಿಲ್ಲ. ಕೃಷ್ಣರಾಜನಗರದ ಸೀಮೆ ಭತ್ತದ ಕಣಜ. ಮೋಡ ಕವಿದ ಬೆಳಗಿನಲ್ಲಿ ನಾಲೆಯ ಬದಿಯ ಗದ್ದೆಗಳು ಉಳುಮೆಯಾಗಿ ಹಸಿಮಣ್ಣಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಉಳುವಾಗ ನೇಗಿಲಿಗೆ ತಗುಲಿ ಸಿಕ್ಕಿದ ಮರದ ಪ್ರತಿಮೆಯಿಂದಲೇ ಈ ಕ್ಷೇತ್ರ ಹುಟ್ಟಿತೆಂದು ಜನ ನಂಬಿರುವ ಊರಿಗೆ ಅದೇ ಮಣ್ಣಿನ ವಾಸನೆಯಲ್ಲಿ ನಡೆದು ಸೇರುವುದು ಹೆಚ್ಚು ಸರಿ ಎನ್ನಿಸಿತು.

2019ರಲ್ಲಿ ಬಸಿಲಿಕ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ದೇವಾಲಯ, ಎಂಬ ಸ್ಥಾನ ಪಡೆದ ಈ ದೇವಾಲಯಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಕಳೆದುಹೋದದ್ದು ಸಿಗಲಿ, ಮಗುವಾಗಲಿ, ಮಗನಿಗೆ ಕುಡಿತ ಬಿಡಲಿ ಎಂದು ಬೇಡಿಕೊಳ್ಳುವ ಈ ಭಕ್ತಿಯನ್ನು ಓದಿಕೊಂಡವರು ಕೆಲವೊಮ್ಮೆ ಹಗುರವಾಗಿ ಕಾಣುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. 1231ರ ಜೂನ್ 13ರಂದು ಪಾದುವದ ಬಳಿ ತೀರಿಕೊಂಡ ಅಂತೋಣಿಯವರು ದೊಡ್ಡ ಪಂಡಿತರು, ಬೋಧಕರು. ಆದರೂ ಜನ ಅವರ ಪ್ರತಿಮೆಯಲ್ಲಿ ಮುಟ್ಟಲು ಹಂಬಲಿಸುವುದು ಅವರ ತೋಳಿನ ಮೇಲಿರುವ ಬಾಲಯೇಸುವಿನ ಪಾದವನ್ನು. ಮೇಣದಬತ್ತಿ ಹಚ್ಚುವ ಮೊದಲು ಅಕ್ಕಪಕ್ಕದವರನ್ನು ನೋಡಿ ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಿದ್ದ ಹೆಂಗಸೊಬ್ಬರನ್ನು ಕಂಡೆ. ಹಣೆಯಲ್ಲಿ ಕುಂಕುಮವಿತ್ತು, ಬಾಯಲ್ಲಿ ಮಾತಿರಲಿಲ್ಲ.

ಮಧ್ಯಾಹ್ನ ಅನ್ನ, ಹುಳಿ, ಪಾಯಸದ ಊಟ ಮುಗಿಸಿ ಹುಣಸೆ ಮರದ ಕೆಳಗೆ ಕುಳಿತಿದ್ದಾಗ ಪಕ್ಕದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು ಕುಳಿತರು. ಹಳ್ಳಿಗಳಲ್ಲಿ ನಲವತ್ತು ವರ್ಷ ಉಪದೇಶಿಯಾಗಿ, ಅಂದರೆ ಧರ್ಮಪಾಠ ಹೇಳುವವರಾಗಿ, ದುಡಿದವರು. ಸ್ವಾಮಿಗಳು ತಿಂಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಜಪ ಕಲಿಸಿದ್ದು, ಸಾಯುವವರ ಪಕ್ಕ ಕುಳಿತದ್ದು, ಮಳೆಗೆ ಬಿದ್ದ ಗುಡಿಯ ಗೋಡೆ ಎತ್ತಿದ್ದು ಎಲ್ಲವೂ ಅವರೇ. ಮಗಳು ಸಂಕೋಚವಿಲ್ಲದೆ ತನ್ನ ಪ್ರಶ್ನೆಯನ್ನು ಅವರ ಮುಂದಿಟ್ಟಳು.

"ದೇವ್ರು ಬಂದ ಅಂತೀಯಾ, ದೇವ್ರು ಬಂದ್ರು ಅಂತೀಯಾ ಮಗಾ?" ಎಂದು ಅವರು ಕೇಳಿದರು.

"ಬಂದ್ರು."

"ಎಷ್ಟು ಜನ ಬಂದ್ರು?"

"ಒಬ್ಬರೇ."

"ನೋಡು ಮತ್ತೆ. ಆದ್ರೆ ಇದು ಲೆಕ್ಕ ಅಲ್ಲ, ಮರ್ಯಾದೆ. ಇದನ್ನ ಹಿಡ್ಕೊಂಡು ತ್ರಿತ್ವ ಗೊತ್ತಾಯ್ತು ಅನ್ಬೇಡ. ನಿನ್ ನಾಲಿಗೆ ಒಬ್ಬರನ್ನ ಕರಿಯೋವಾಗ್ಲೂ ಬಾಗೋದು ಕಲ್ತೈತೆ, ಅಷ್ಟೇಯ."

ನನ್ನ ಮಂಜುಗಡ್ಡೆಯ ಉಪಮೆಗೆ ಇಲ್ಲದ ಎಚ್ಚರ ಆ ಮಾತಿನಲ್ಲಿತ್ತು. ಹೋಲಿಕೆಯನ್ನು ಮುಂದಿಟ್ಟ ಕೈಯಲ್ಲೇ ಅದರ ಮಿತಿಯನ್ನೂ ಹೇಳಿಬಿಟ್ಟಿದ್ದರು. ಆಮೇಲೆ ಅವರು ಮಗಳ ಕೈ ಹಿಡಿದು, ತಾವು ಮಕ್ಕಳಿಗೆ ಮೊದಲ ದಿನ ಕಲಿಸುತ್ತಿದ್ದುದನ್ನು ತೋರಿಸಿದರು. "ಪಿತ ಅಂದಾಗ ಹಣೆ. ಸುತ ಅಂದಾಗ ಎದೆ, ಕೆಳಕ್ಕೆ ಇಳಿದು ಬಂದವ್ರೆ ನೋಡು. ಪವಿತ್ರಾತ್ಮ ಅಂದಾಗ ಈ ಭುಜದಿಂದ ಆ ಭುಜಕ್ಕೆ. ನಾಮದಲ್ಲಿ ಅಂತೀವಿ, ನಾಮಗಳಲ್ಲಿ ಅನ್ನಲ್ಲ. ಅದನ್ನ ಮಾತ್ರ ತಪ್ಪಿಸ್ಬೇಡ." ಮತ್ತಾಯನ ಶುಭಸಂದೇಶದ ಕೊನೆಯಲ್ಲಿ ಯೇಸು ಶಿಷ್ಯರನ್ನು ಕಳುಹಿಸುವಾಗಲೂ ಹೆಸರು ಮೂರು, ನಾಮ ಏಕವಚನ. ಸಾವಿರಾರು ಸಲ ಹೇಳಿದ ಮಾತಿನ ವಚನವನ್ನು ಅಂದು ಮೊದಲ ಬಾರಿಗೆ ಕೇಳಿಸಿಕೊಂಡೆ. ಅವರು ಬಸ್ಸು ಬಂತೆಂದು ಎದ್ದು ಹೋದರು. ಊರಿನ ಹೆಸರನ್ನೂ ಕೇಳಲಾಗಲಿಲ್ಲ.

ಮೂರನೆಯ ದಿನ: ಶೆಟ್ಟಿಹಳ್ಳಿ ಮತ್ತು ಶಿರಾಡಿ

ಹೊಳೆನರಸೀಪುರದ ದಾರಿಯಾಗಿ ಹಾಸನ ತಲುಪುವಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಶೆಟ್ಟಿಹಳ್ಳಿಯ ದೇವಾಲಯವನ್ನು ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಗೊರೂರಿನ ಅಣೆಕಟ್ಟು ಬಂದು ಹೇಮಾವತಿಯ ಹಿನ್ನೀರು ಊರನ್ನು ಮುಳುಗಿಸಿದಾಗ ಜನ ಎದ್ದು ಹೋದರು, ಗುಡಿ ಉಳಿಯಿತು. ಮಳೆಗಾಲದಲ್ಲಿ ಕಮಾನುಗಳವರೆಗೆ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ಚಿತ್ರ ತೆಗೆಯುವವರ ನಡುವೆ ಈ ಜಾಗಕ್ಕೆ ಬಹಳ ಹೆಸರು.

ಡಾಂಬರು ರಸ್ತೆ ಮುಗಿದಲ್ಲಿ ಕಾರನ್ನು ಬಿಟ್ಟು ನಡೆಯಬೇಕಿತ್ತು. ನಾನು ಇನ್ನೊಂದಷ್ಟು ಮುಂದೆ ಹೋಗಬಹುದೆಂದುಕೊಂಡದ್ದರಿಂದ ಮುಂದಿನ ಚಕ್ರ ಕೆಸರಿನಲ್ಲಿ ಅರ್ಧಕ್ಕೆ ಹೂತಿತು. ಬಲೆ ಹೊತ್ತು ಹೋಗುತ್ತಿದ್ದ ಇಬ್ಬರು ಯುವಕರು ಚಕ್ರದ ಕೆಳಗೆ ಕಲ್ಲು, ಸೊಪ್ಪು ತುಂಬಿ ನೂಕಿ ಎತ್ತಿದರು. ಹಣ ಕೊಡಲು ಹೋದರೆ ಬೇಡವೆಂದರು. ಹೆಂಡತಿಯ ಒಂದು ಚಪ್ಪಲಿ ಆ ಕೆಸರಿನಲ್ಲೇ ಉಳಿಯಿತು, ಅವಳು ಬರಿಗಾಲಿನಲ್ಲೇ ಗುಡಿಯವರೆಗೂ ನಡೆದಳು.

ನೀರು ಇನ್ನೂ ಗೋಡೆಯನ್ನು ಮುಟ್ಟಿರಲಿಲ್ಲ, ಆದರೆ ದೂರವೂ ಇರಲಿಲ್ಲ. ಸೂರು ಎಂದೋ ಹೋಗಿದೆ. ಇಟ್ಟಿಗೆಗಳ ಸಂದಿನ ಗಾರೆ ಮುಟ್ಟಿದರೆ ಹಿಟ್ಟಿನಂತೆ ಉದುರುತ್ತದೆ. ಪ್ರತಿ ಮಳೆಗಾಲ ಒಂದಷ್ಟನ್ನು ಕೊಂಡೊಯ್ಯುತ್ತಿದೆಯಾದ್ದರಿಂದ ಗೋಡೆಗೆ ಒರಗುವುದಾಗಲಿ, ಹತ್ತುವುದಾಗಲಿ ಯಾರೂ ಮಾಡಬಾರದು. ಬಲಿಪೀಠ ಇದ್ದಿರಬೇಕಾದ ಜಾಗದಲ್ಲಿ ಹುಲ್ಲು ಬೆಳೆದು, ಎರಡು ಆಡುಗಳು ಮೇಯುತ್ತಿದ್ದವು. ಅವುಗಳ ಒಡತಿ, ಗೋಣಿಯ ಕೊಪ್ಪೆ ಹೊದ್ದ ಐವತ್ತರ ಆಸುಪಾಸಿನ ಹೆಂಗಸು, ನಾವು ಕೈಮುಗಿದು ನಿಂತದ್ದನ್ನು ನೋಡಿ ಹತ್ತಿರ ಬಂದರು.

"ನೀವು ಫೋಟಾಕ್ಕೆ ಬಂದೋರಲ್ಲ ಬಿಡಿ ಅಣ್ಣಾ. ನಮ್ಮತ್ತೆ ಮದುವೆ ಆಗಿದ್ದು ಇಲ್ಲೇ. ಊರು ಬಿಡೋ ದಿವಸ ಗಂಟೆ, ಸುರೂಪ, ಪೂಜೆ ಸಾಮಾನು ಎಲ್ಲಾ ಗಾಡಿಲಿ ಹಾಕಿದ್ರಂತೆ. ಜ್ಞಾನಸ್ನಾನದ ಕಲ್ಲು ಮಾತ್ರ ಎತ್ತಕ್ಕೆ ಆಗ್ಲಿಲ್ಲ ಅಂತ ಅತ್ತೆ ಅಳೋರು."

"ಆ ಕಲ್ಲು ಈಗ ಎಲ್ಲಿದೆ?"

"ಮಣ್ಣಾಗೆ ಇರ್ಬೇಕು. ಹೊಸ ಊರಾಗೆ ಬೇರೆ ಮಾಡ್ಕಂಡ್ರು. ನನ್ನ ಮೂರೂ ಮಕ್ಳಿಗೂ ಅಲ್ಲೇ ನೀರು ಹಾಕ್ಸಿದ್ದು."

ಮಗಳು ಗೋಡೆಯ ಕಡೆ ಮುಖ ಮಾಡಿ ಶಿಲುಬೆಯ ಗುರುತನ್ನು ಗಟ್ಟಿಯಾಗಿ ಹೇಳಿದಳು. ಹೆಂಗಸು ಆಮೆನ್ ಎಂದರು. ಆಡುಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ಮಳೆ ಸುರಿಯುತ್ತಿದ್ದ ಪರಿಯನ್ನು ಬಯಲುಸೀಮೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಒಂದು ತಿರುವಿನಲ್ಲಿ ಗುಡ್ಡದ ಮಣ್ಣು ರಸ್ತೆಗೆ ಜಾರಿತ್ತು. ಜೆಸಿಬಿ ಬಂದು ಅದನ್ನು ತೆಗೆಯುವವರೆಗೆ ಮೂರು ಗಂಟೆ ಲಾರಿಗಳ ಸಾಲಿನಲ್ಲಿ ಕುಳಿತೆವು. ಜೂನ್‌ನಲ್ಲಿ ಶಿರಾಡಿಯ ದಾರಿ ಹಿಡಿಯುವವರು ನೀರು, ತಿಂಡಿ, ಒಂದು ಜೊತೆ ಒಣಬಟ್ಟೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ನಮ್ಮ ಬಳಿ ಹಾಸನದಲ್ಲಿ ಕೊಂಡ ಕಡಲೆಪುರಿ ಮಾತ್ರ ಇತ್ತು.

ಆ ಮೂರು ಗಂಟೆಗಳಲ್ಲಿ ನಾನು ಮಗಳಿಗೆ ನೈಸಿಯಾದ ಕಥೆ ಹೇಳಿದೆ. ಸರಿಯಾಗಿ 1700 ವರ್ಷಗಳ ಹಿಂದೆ, 325ರಲ್ಲಿ, ಇಂದಿನ ತುರ್ಕಿಯ ಆ ಊರಿನಲ್ಲಿ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಸೇರಿದ್ದರು. ಸುತನು ಇಲ್ಲದಿದ್ದ ಕಾಲವೊಂದಿತ್ತು, ಅವನು ಸೃಷ್ಟಿಯಲ್ಲಿ ಮೊದಲನೆಯವನಷ್ಟೆ ಎಂದು ಏರಿಯಸ್ ಎಂಬ ಪಾದ್ರಿ ಬೋಧಿಸುತ್ತಿದ್ದ. ಸಭೆ ಅದನ್ನು ನಿರಾಕರಿಸಿ, ಸುತನು ಪಿತನೊಡನೆ ಒಂದೇ ಸತ್ವವುಳ್ಳವನೆಂದು ವಿಶ್ವಾಸ ಪ್ರಮಾಣದಲ್ಲಿ, ಅಂದರೆ ನಂಬಿಕೆಯನ್ನು ಸಾರುವ ಪ್ರಾರ್ಥನೆಯಲ್ಲಿ, ಬರೆಯಿತು. ಪವಿತ್ರಾತ್ಮರನ್ನು ಕುರಿತ ಸಾಲುಗಳು 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಡನೆ ಬಂದವು. ಈ ಎರಡು ಸಭೆಗಳ ನಡುವಿನ ವರ್ಷಗಳಲ್ಲಿ ಸೆಸರಿಯದ ಸಂತ ಬಸಿಲ್ ಎದುರಿಸಿದ ಒಂದು ತಕರಾರು ನನಗೆ ಬಹಳ ಇಷ್ಟ. ಆತ ಪೂಜೆಯಲ್ಲಿ ಒಮ್ಮೆ "ಸುತನ ಮೂಲಕ, ಪವಿತ್ರಾತ್ಮರಲ್ಲಿ, ಪಿತನಿಗೆ ಮಹಿಮೆ" ಎಂದೂ, ಇನ್ನೊಮ್ಮೆ "ಸುತನೊಡನೆ, ಪವಿತ್ರಾತ್ಮರೊಡನೆ, ಪಿತನಿಗೆ ಮಹಿಮೆ" ಎಂದೂ ಪ್ರಾರ್ಥಿಸುತ್ತಿದ್ದರು. ಎರಡನೆಯದು ಹೊಸತೆಂದು ಜನ ಆಕ್ಷೇಪಿಸಿದಾಗ, ಎರಡೂ ಸರಿ, ಎರಡೂ ಬೇಕು ಎಂದು ಅವರು ವಾದಿಸಿದರು.

ಮಗಳು ಕಡಲೆಪುರಿ ಜಗಿಯುವುದನ್ನು ನಿಲ್ಲಿಸಿದಳು. "ಅಂದ್ರೆ ವಿಭಕ್ತಿ ಪ್ರತ್ಯಯದ ಜಗಳ! ಪಿತನಿಗೆ ಚತುರ್ಥಿ, ಪವಿತ್ರಾತ್ಮರಲ್ಲಿ ಸಪ್ತಮಿ."

ಕಾರಿನ ಗಾಜಿನ ಮೇಲೆ ಮಳೆ ಹರಿಯುತ್ತಿತ್ತು. ಅವಳ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತೆಂದು ನನಗೆ ತೋರಿತು. ಗೆತ್ಸೆಮನಿಯಲ್ಲಿ ಯೇಸು ಪಿತನಿಗೇ ಪ್ರಾರ್ಥಿಸಿದರು, ತಮಗೆ ತಾವೇ ಅಲ್ಲ. ನಾವು ಪ್ರತಿ ಪೂಜೆಯಲ್ಲಿ ಅವರ ಆ ಪ್ರಾರ್ಥನೆಯೊಳಗೆ ಸೇರಿಕೊಂಡು ಅವರ ಮೂಲಕ, ಪವಿತ್ರಾತ್ಮರಲ್ಲಿ, ಅದೇ ಪಿತನನ್ನು ಕರೆಯುತ್ತೇವೆ. ನೀರಿನ ಉಪಮೆಯಲ್ಲಿ ಯಾರೂ ಯಾರ ಕಡೆಗೂ ತಿರುಗುವುದಿಲ್ಲ. ಧರ್ಮಕೇಂದ್ರದ ಪ್ರಾರ್ಥನೆಯಲ್ಲಾದರೋ ಎಲ್ಲವೂ ಒಬ್ಬರು ಇನ್ನೊಬ್ಬರ ಕಡೆಗೆ ತಿರುಗಿರುವುದೇ. ವಿವರಿಸುವುದಕ್ಕೆ ಬಹಳ ಮೊದಲೇ ಧರ್ಮಸಭೆ ಹೀಗೆ ಕರೆಯುವುದನ್ನು ಕಲಿತಿತ್ತು. ನಾನು ಮಕ್ಕಳಿಗೆ ಅಲ್ಲಿಂದಲೇ ಪಾಠ ಆರಂಭಿಸಬೇಕಾಗಿತ್ತು.

ಗೆಳೆಯನ ಮನೆ ತಲುಪಿದಾಗ ರಾತ್ರಿ ಹನ್ನೊಂದು. ಮಲಗಿರುತ್ತಾರೆಂದುಕೊಂಡಿದ್ದೆವು, ಆದರೆ ಮನೆಯವರೆಲ್ಲ ಜಪಸರವನ್ನು ನಮಗಾಗಿ ತಡೆದಿಟ್ಟು ಎಚ್ಚರವಿದ್ದರು. "ಒಟ್ಟಿಗೆ ತೇರ್ಸ್ ಮಾಡದೆ ಮಲಗಿದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲ ಮಾರಾಯ್ರೆ" ಎಂದ ಗೆಳೆಯ. ಕರೆಂಟು ಹೋಗಿತ್ತು. ಮೊಂಬತ್ತಿಯ ಬೆಳಕಿನಲ್ಲಿ ಅವರು ಕೊಂಕಣಿಯಲ್ಲಿ, ನಾವು ಕನ್ನಡದಲ್ಲಿ ಪ್ರಾರ್ಥಿಸಿದೆವು. ಪ್ರತಿ ಹತ್ತು ಮಣಿಗಳ ಕೊನೆಯಲ್ಲಿ ಮೂವರಿಗೂ ಮಹಿಮೆ ಹೇಳುವಲ್ಲಿ ಎರಡೂ ಭಾಷೆಗಳು ಒಂದೇ ಕಡೆ ಬಂದು ನಿಲ್ಲುತ್ತಿದ್ದವು. ಮುಗಿದ ಮೇಲೆ ಮೊಮ್ಮಕ್ಕಳು ಸಾಲಾಗಿ ಹೋಗಿ ವ್ಹಡ್ಲಿಮಾಂಯ್ (ಅಜ್ಜಿ) ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಬೇಡಿದರು. ನನ್ನ ಮಗಳೂ ಸಾಲಿನಲ್ಲಿ ನಿಂತಳು. ಆಮೇಲೆ ಕುಚ್ಚಲಕ್ಕಿಯ ಗಂಜಿ, ಒಣಮೀನಿನ ಚಟ್ನಿ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಕರಾವಳಿಯ ಮನೆಗಳಲ್ಲಿ ಆಗ ಒಣಮೀನಿಗೆ ಬೆಲೆ ಬರುತ್ತದೆ. ಹಸಿದು ಬಂದ ನಮಗೆ ಅದಕ್ಕಿಂತ ರುಚಿಯಾದದ್ದು ಬೇರೆ ಬೇಕಿರಲಿಲ್ಲ.

ನಾಲ್ಕನೆಯ ದಿನ: ಹಬ್ಬದ ಭಾನುವಾರ

ಹೆಂಚಿನ ಮಾಡಿನ ಸಾಧಾರಣ ಇಗರ್ಜಿ ಅದು. ನಡುದಾರಿಯಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್‌ಗಳನ್ನಿಟ್ಟಿದ್ದರು. ಸೋರುವ ನೀರು ಅವುಗಳಲ್ಲಿ ತಟತಟನೆ ಬೀಳುವ ಸದ್ದು ವಾಚನಗಳ ನಡುವೆಯೂ ಕೇಳುತ್ತಿತ್ತು. ವಾಡೆಯ, ಅಂದರೆ ಆ ಭಾಗದ ಕ್ರೈಸ್ತ ಮನೆಗಳ, ಮುಖಂಡರಾದ ಗುರ್ಕಾರರು ಬಾಗಿಲಲ್ಲಿ ನಿಂತು ಕೊಡೆಗಳನ್ನು ಒಂದು ಮೂಲೆಗೆ ಜೋಡಿಸುತ್ತ, ಹಾಸಿಗೆ ಹಿಡಿದ ಒಬ್ಬರಿಗೆ ಪೂಜೆಯ ನಂತರ ಪರಮಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಒಯ್ಯಲು ಗುರುಗಳನ್ನು ಯಾರ ವಾಹನದಲ್ಲಿ ಕರೆದೊಯ್ಯುವುದೆಂದು ವಿಚಾರಿಸುತ್ತಿದ್ದರು. ತೋಡಿಗೆ (ಹಳ್ಳಕ್ಕೆ) ನೀರು ಬಂದು ಆ ಮನೆಗೆ ಹೋಗುವ ದಾರಿ ಕಟ್ಟಿತ್ತಂತೆ. ಜೀಪು ಇರುವವರು ಒಬ್ಬರು, ದಾರಿ ಬಲ್ಲವರು ಇನ್ನೊಬ್ಬರು, ರೋಗಿಯ ಕಿವಿಗೆ ಕೇಳುವಂತೆ ಹಾಡಬಲ್ಲವರು ಮತ್ತೊಬ್ಬರು, ಹೀಗೆ ಪೂಜೆ ಶುರುವಾಗುವ ಮೊದಲೇ ತಂಡ ಸಿದ್ಧವಾಯಿತು.

1334ರಲ್ಲಿ ಜಗದ್ಗುರು (ಪೋಪ್) ಇಪ್ಪತ್ತೆರಡನೆಯ ಜಾನ್ ಅವರು ಇಡೀ ಧರ್ಮಸಭೆಗೆ ವಿಧಿಸಿದ ಈ ಹಬ್ಬದಂದು ಗುರುಗಳು ಬಿಳಿಯ ಪೂಜಾವಸ್ತ್ರ ಧರಿಸುತ್ತಾರೆ. ಪ್ರಬೋಧನೆಯಲ್ಲಿ, ಸಮುದ್ರವನ್ನು ಗುಂಡಿಗೆ ತುಂಬಲು ಹೊರಟ ಮಗುವನ್ನು ಸಂತ ಅಗಸ್ಟೀನರು ಕಂಡ ಕಥೆ ಬರುತ್ತದೆಂದು ಕಾದಿದ್ದೆ, ಏಕೆಂದರೆ ಈ ಭಾನುವಾರ ಅದನ್ನು ಕೇಳದ ವರ್ಷವೇ ನನಗೆ ನೆನಪಿಲ್ಲ. ಆ ಯುವ ಗುರುಗಳು ಅದನ್ನು ಮುಟ್ಟಲಿಲ್ಲ. ಅಂದಿನ ಯೊವಾನ್ನರ ಶುಭಸಂದೇಶದಲ್ಲಿ ಯೇಸು ಶಿಷ್ಯರಿಗೆ, ಹೇಳಬೇಕಾದದ್ದು ಇನ್ನೂ ಬಹಳವಿದೆ, ಆದರೆ ಈಗ ನೀವು ಅದನ್ನು ತಾಳಲಾರಿರಿ ಎನ್ನುತ್ತಾರೆ. ಅವರು ಆ ಒಂದೇ ಸಾಲಿನ ಮೇಲೆ ನಿಂತರು. ತಾಳಲಾರದ ಭಾರವನ್ನು ತಾಯಿ ಮಗುವಿನ ತಲೆಗೆ ಹೊರಿಸುವುದಿಲ್ಲ, ಮಗು ಬೆಳೆದಂತೆ ಒಂದೊಂದಾಗಿ ಕೊಡುತ್ತಾಳೆ, ಸತ್ಯಕ್ಕೆ ನಡೆಸುವ ಆತ್ಮರು ಹಾಗೆ ಕೊಡುತ್ತಾರೆ ಎಂದರು. ಗೆಳೆಯ ನನ್ನ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ.

ವಿಶ್ವಾಸ ಪ್ರಮಾಣದ ನಂತರ ಮಗಳು ತನ್ನ ಬೆರಳುಗಳನ್ನು ತೋರಿಸಿದಳು. ಎಣಿಕೆ ಆಗಲೇ ಒಂದು ಕೈಯ ಗೆಣ್ಣುಗಳನ್ನು ದಾಟಿ ಇನ್ನೊಂದಕ್ಕೆ ಬಂದಿತ್ತು.

ಪೂಜೆ ಮುಗಿದ ಮೇಲೆ ಒಂದು ಮಗುವಿನ ಜ್ಞಾನಸ್ನಾನ. ನಾವು ಹತ್ತಿರ ಹೋಗಿ ನಿಂತೆವು. ನಲವತ್ತು ದಿನವೂ ತುಂಬಿರದ ಹೆಣ್ಣುಮಗು ಬಿಳಿ ಬಟ್ಟೆಯಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಜ್ಞಾನತಾಯಿ, ಅಂದರೆ ಮಗುವಿನ ವಿಶ್ವಾಸಕ್ಕೆ ಹೊಣೆಯಾಗಿ ನಿಲ್ಲುವ ಹೆಂಗಸು, ತಲೆಯನ್ನು ಅಂಗೈಯಲ್ಲಿ ಹಿಡಿದು ಬಟ್ಟಲಿನ ಮೇಲೆ ಚಾಚಿದರು. ಗುರುಗಳು ಚಿಪ್ಪಿನಾಕಾರದ ಬಟ್ಟಲಿನಿಂದ ಪಿತನ ಹೆಸರಿನಲ್ಲಿ ಒಂದು ಸಲ ನೀರು ಸುರಿದಾಗ ಮಗು ಕಣ್ಣು ಬಿಟ್ಟಿತು. ಸುತನ ಹೆಸರಿನಲ್ಲಿ ಎರಡನೆಯ ಸಲ ಸುರಿದಾಗ ತುಟಿ ಮುದುಡಿತು. ಪವಿತ್ರಾತ್ಮರ ಹೆಸರಿನಲ್ಲಿ ಮೂರನೆಯದು ಬಿದ್ದಾಗ ಕೆಂಪಗಾಗಿ ಕಿರುಚಿತು. ಸುತ್ತ ನಿಂತವರೆಲ್ಲ ಸಂತೋಷದಿಂದ ನಕ್ಕರು. ಮೂರು ಸಲ ಸುರಿದ ನೀರು ಒಂದೇ ಕೂದಲ ಸುಳಿಯಲ್ಲಿ ಹರಿದು ಜ್ಞಾನತಾಯಿಯ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಶೆಟ್ಟಿಹಳ್ಳಿಯ ಮಣ್ಣಿನಲ್ಲಿ ಹೂತಿರುವ ಕಲ್ಲನ್ನು ನಾನು ನೆನೆದೆ.

"ಇದನ್ನೂ ಎಣಿಸಬೇಕಾ ಅಪ್ಪಾ?" ಎಂದು ಮಗಳು ಪಿಸುಗುಟ್ಟಿದಳು. ನಿನಗೂ ಹೀಗೆಯೇ ಆಗಿತ್ತು, ನೀನೂ ಮೂರನೆಯದಕ್ಕೇ ಅತ್ತೆ ಎಂದು ಹೆಂಡತಿ ಅವಳಿಗೆ ಹೇಳಿದಳು. ಅವಳು ಎಣಿಸುವುದನ್ನು ಅಲ್ಲಿಗೆ ಬಿಟ್ಟಳು.

ಜೀಪು ಮಧ್ಯಾಹ್ನದ ಹೊತ್ತಿಗೆ ಕೆಸರು ಮೆತ್ತಿಕೊಂಡು ಮರಳಿತು. ತೋಡಿನಲ್ಲಿ ಎದೆಮಟ್ಟದ ನೀರು, ಗುರುಗಳನ್ನು ಇಬ್ಬರು ಕೈಹಿಡಿದು ದಾಟಿಸಿದರಂತೆ. ರೋಗಿ ಹಾಡಿಗೆ ದನಿಗೂಡಿಸಿದರಂತೆ.

ಹೊರಡುವ ಬೆಳಗ್ಗೆ

ಸೋಮವಾರ ಮಳೆ ಇನ್ನೂ ಜೋರಾಗುವ ಸೂಚನೆಯಿದ್ದುದರಿಂದ ಬೆಳಗಾಗುತ್ತಲೇ ಹೊರಟೆವು. ವ್ಹಡ್ಲಿಮಾಂಯ್ ಅಡುಗೆಮನೆಯಲ್ಲಿ ನಮ್ಮ ದಾರಿಗೆಂದು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಮಗಳು ಬೆಸಾಂವ್ ಬೇಡಿ ಬಾಗಿದಾಗ ಅವರು ಕೈ ತೊಳೆದುಕೊಳ್ಳಲು ಕಾಯದೆ, ಹಿಟ್ಟು ಮೆತ್ತಿದ ಹೆಬ್ಬೆರಳಿನಿಂದಲೇ ಅವಳ ಹಣೆಯ ಮೇಲೆ ಶಿಲುಬೆ ಬರೆದು, ತಮ್ಮ ಬಾಲ್ಯದಲ್ಲಿ ಕಲಿತ ಹಳೆಯ ಮಾತಿನಲ್ಲಿ ಬಾಪ್, ಪುತ್, ಸ್ಪಿರಿತ್ ಸಾಂತ್ ಎಂದು ಮೂವರ ಹೆಸರನ್ನೂ ಹೇಳಿದರು. "ಚೆನ್ನಾಗಿ ಹೋಗಿ ಬಾ ಬಾಯೆ."

ಗುಂಡ್ಯ ದಾಟಿ ಘಟ್ಟ ಹತ್ತುವಾಗ ಹಿಂದಿನ ಸೀಟಿನಲ್ಲಿ ಅವಳು ನಿದ್ದೆ ಹೋಗಿದ್ದಳು. ಹಣೆಯ ಮೇಲಿನ ಹಿಟ್ಟು ಒಣಗಿ ಬಿಳಿಯ ಗೆರೆಯಾಗಿ ಹಾಗೆಯೇ ಇತ್ತು.